ಬೆರಳು ನಿಲ್ಲದ ಬೆಳ್ಳಿ

“ಕೆಟ್ಟದ್ದನ್ನು ಸರಿಮಾಡಿದವರು ಕ್ಷಮೆ ಕೇಳಬೇಕೆ, ಮೇಷ್ಟ್ರೇ?”

ಲಲಿತಾಂಬ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದರು. ಕೂತು ಕೇಳಿದರೆ ಅದು ಬೇಡಿಕೆಯಂತೆ ಕಾಣುತ್ತದೆಂದು ಅವರ ಎಣಿಕೆ. ಕೇಳಿದ ಮೇಲೆ, ಪ್ರಶ್ನೆ ಎಂಥ ಮನೆಯಿಂದ ಬಂದಿದೆ ಎಂಬುದನ್ನು ಮೇಷ್ಟ್ರು ಮರೆಯಬಾರದೆಂದು ಅದನ್ನೂ ಹೇಳಿದರು.

“ನಮ್ಮ ಮುತ್ತಜ್ಜ ಅಮಲ್ದಾರರಾಗಿದ್ದರು. ಅವರು ಬರೆದ ಒಂದು ಷರಾವನ್ನೂ ಮೇಲಿನವರು ತಿದ್ದಲಿಲ್ಲ. ಅಜ್ಜ ಊರಿಗೆ ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ಗೋಡೆಯ ಮೇಲೆ ಅವರ ಹೆಸರು ಕೆತ್ತಲು ಬಂದ ಕಲ್ಲುಕುಟಿಗನಿಗೆ ಊಟ ಹಾಕಿ ಹಿಂದಕ್ಕೆ ಕಳಿಸಿದರು. ತಂದೆ ನ್ಯಾಯಾಧೀಶರು. ತೀರ್ಪು ಕೊಟ್ಟ ದಿನವೂ ಅವರ ಊಟ ಒಂದು ತುತ್ತು ಹೆಚ್ಚು ಕಡಿಮೆ ಆಗುತ್ತಿರಲಿಲ್ಲ. ನಾನು ಹನ್ನೆರಡು ವರ್ಷ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕರವಸ್ತ್ರ ಹೊಲಿದು ಕೊಟ್ಟರೆ ಸಿಸ್ಟರ್ ಮೇಲ್ಭಾಗ ನೋಡುತ್ತಿರಲಿಲ್ಲ, ಮಗುಚಿ ಹಿಂಬದಿಯ ಹೊಲಿಗೆ ನೋಡುತ್ತಿದ್ದರು. ಇವತ್ತಿಗೂ ನಾನು ಹಾಗೆಯೇ ನೋಡುತ್ತೇನೆ. ಅರೆಬರೆ ಕೆಲಸ ನಮ್ಮ ಮನೆಯಲ್ಲಿ ಯಾರೂ ಮಾಡಿಲ್ಲ. ಹಾಗಾಗಿ ಕ್ಷಮೆ ಕೇಳುವ ಪ್ರಸಂಗವೂ ಯಾರಿಗೂ ಬಂದಿಲ್ಲ.”

ಚೆನ್ನಕೇಶವಯ್ಯ ಮೇಷ್ಟ್ರು ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಸೂಜಿಯನ್ನು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ.

ಅವರು ಪ್ರತಿ ಭಾನುವಾರ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಏಳೆಂಟು ಮಂದಿಗೆ ಒಂದು ವಿದ್ಯೆ ಕಲಿಸುತ್ತಿದ್ದರು. ಗೇಣುದ್ದದ ಪ್ಲಾಸ್ಟಿಕ್ ವಿಮಾನಕ್ಕೆ ಲೋಹದ ಬಣ್ಣ ಹಾಯಿಸಿ, ನೋಡಿದವರು ಅದು ತಗಡಿನದೇ ಎಂದು ನಂಬುವಂತೆ ಮಾಡುವ ವಿದ್ಯೆ. ಮೊದಲು ಕನ್ನಡಿಯಂತೆ ಹೊಳೆಯುವ ಕಪ್ಪು. ಅದು ಒಣಗಿದ ಮೇಲೆ, ಉಸಿರಿನಷ್ಟು ತೆಳ್ಳಗೆ ಬೆಳ್ಳಿ. ಬೇರೆ ಬಣ್ಣಗಳು ಅಡಿಯ ತಪ್ಪನ್ನು ಮುಚ್ಚುತ್ತವೆ. ಬೆಳ್ಳಿ ಮುಚ್ಚುವುದಿಲ್ಲ. ಒಂದು ಗೀರು, ಒಂದು ಧೂಳಿನ ಕಣ ಇದ್ದರೂ ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಲಲಿತಾಂಬ ಅವರಿಗೆ ಈ ವಿದ್ಯೆ ಹಿಡಿಸಿದ್ದು ಅದಕ್ಕೇ. ಎರಡು ವರ್ಷದಲ್ಲಿ, ಮೇಷ್ಟ್ರನ್ನು ಬಿಟ್ಟರೆ ಇನ್ನು ಅವರ ಕೈಯೇ ಎನ್ನುವಂತಾಗಿತ್ತು. ಶೆಡ್ಡಿನ ಇನ್ನೊಂದು ಕೀಲಿ ಅವರ ಬಳಿ ಇರುತ್ತಿತ್ತು. ಅಂಥ ವಸ್ತುವನ್ನು ಮತ್ತೆ ಯಾರ ಕೈಗೆ ಕೊಡುತ್ತಾರೆ?

ಅದೇ ಶೆಡ್ಡಿಗೆ ಶೇಷಗಿರಿ ಎಂಬವರು ಬರುತ್ತಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಮಾತು ಕಡಿಮೆ. ಒಂದೇ ಒಂದು ಹಳೆಯ ಪ್ರಯಾಣಿಕರ ವಿಮಾನವನ್ನು ಹಿಡಿದು ವರ್ಷವಿಡೀ ಕೂತಿದ್ದರು. ಆ ವಿಮಾನದ ತುಂಬ ಒಂದೇ ತಪ್ಪು. ಕಿಟಕಿಯ ಸುತ್ತ ಟೇಪು ಅಂಟಿಸಿ ಬಣ್ಣ ಹಾಯಿಸುವಾಗ ದಪ್ಪವಾಗಿ ಬಿಟ್ಟರೆ, ಬಣ್ಣ ಟೇಪಿನ ಅಂಚಿಗೆ ಬಂದು ಸೇರಿಕೊಳ್ಳುತ್ತದೆ. ಟೇಪು ಕಿತ್ತ ಮೇಲೆ ಅಲ್ಲಿ ಕೂದಲೆಳೆಯಷ್ಟು ಎತ್ತರದ ಗೆರೆ ಉಳಿಯುತ್ತದೆ. ಶೆಡ್ಡಿನಲ್ಲಿ ಅದನ್ನು ಏಣು ಎನ್ನುತ್ತಿದ್ದರು. ಕಲಿಯಲು ಬಂದ ಮೊದಲ ತಿಂಗಳಲ್ಲೇ ಬಿಟ್ಟುಬಿಡಬೇಕಾದ ತಪ್ಪು ಅದು. ಶೇಷಗಿರಿಯವರ ವಿಮಾನದ ಪ್ರತಿ ಕಿಟಕಿಗೂ ಏಣು ಇತ್ತು. ಮುಂದಿನಿಂದ ಐದನೆಯ ಕಿಟಕಿಗಂತೂ ಎರಡರಷ್ಟು.

“ಏನ್ರೀ ಶೇಷಗಿರಿ, ಇದು ವಿಮಾನವೋ ಚಕ್ಕುಲಿಯೋ?” ಎಂದು ಲಲಿತಾಂಬ ಒಂದು ಭಾನುವಾರ ಎಲ್ಲರ ಮುಂದೆ ಕೇಳಿದ್ದರು.

“ನನ್ನ ಕೈಯೇ ಹಾಗೆ, ಅಮ್ಮ,” ಎಂದು ಶೇಷಗಿರಿ ಎಲ್ಲರ ಜೊತೆ ತಾವೂ ನಕ್ಕಿದ್ದರು.

ಶೆಡ್ಡಿನವರು ಮಾಡಿದ ವಿಮಾನಗಳ ಪ್ರದರ್ಶನ ಹತ್ತಿರ ಬಂತು. ಮೇಷ್ಟ್ರು ಎರಡು ದಿನ ಊರಲ್ಲಿರಲಿಲ್ಲ. ಶೆಡ್ಡಿನ ಹೆಸರಿನಲ್ಲಿ ಅಂಥದೊಂದು ವಿಮಾನ ಹತ್ತು ಜನರ ಮುಂದೆ ಹೋಗುವುದು ಲಲಿತಾಂಬ ಅವರಿಗೆ ಸರಿಯೆನಿಸಲಿಲ್ಲ. ಶನಿವಾರ ಬೆಳಿಗ್ಗೆ ಶೆಡ್ಡು ತೆಗೆದು, ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ, ಶೇಷಗಿರಿಯವರ ವಿಮಾನದ ಏಣುಗಳನ್ನು ಒಂದೊಂದಾಗಿ ತಿಕ್ಕಿ ತೆಗೆದರು. ಐದನೆಯ ಕಿಟಕಿಗೆ ಅರ್ಧ ಗಂಟೆ ಹಿಡಿಯಿತು. ಸಂಜೆಯೊಳಗೆ ಕಪ್ಪು ಹಾಯಿಸಿದರು, ಮರುದಿನ ಬೆಳಿಗ್ಗೆ ಬೆಳ್ಳಿ. ತಮ್ಮ ಸ್ವಂತ ವಿಮಾನಕ್ಕೂ ಅವರು ಅಷ್ಟು ಶ್ರದ್ಧೆ ವಹಿಸಿರಲಿಲ್ಲ.

ಹತ್ತು ಗಂಟೆಗೆ ಶೇಷಗಿರಿ ಬಂದರು. ವಿಮಾನವನ್ನು ಕೈಗೆ ತೆಗೆದುಕೊಂಡರು. ಮುಂದಿನ ಕಿಟಕಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದರು. ಬೆಳ್ಳಿಯ ಮೇಲೆ ಬರಿ ಬೆರಳು ಇಡಬಾರದು, ಗುರುತು ಬೀಳುತ್ತದೆ. ಆದರೂ ಲಲಿತಾಂಬ ತಡೆಯಲಿಲ್ಲ. ಬೆರಳು ಐದನೆಯ ಕಿಟಕಿಯನ್ನು ದಾಟಿ ಹೋಯಿತು. ತಿರುಗಿ ಮೊದಲಿಗೆ ಬಂತು. ಮತ್ತೆ ಹೋಯಿತು. ನುಣುಪನ್ನು ಸವಿಯುತ್ತಿದ್ದಾರೆ ಎಂದುಕೊಂಡು ಲಲಿತಾಂಬ ಕಾದರು.

“ತುಂಬ ನುಣುಪಾಗಿದೆ, ಅಮ್ಮ,” ಎಂದರು ಶೇಷಗಿರಿ. ವಿಮಾನವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಪ್ರದರ್ಶನಕ್ಕೆ ಬರಲಿಲ್ಲ. ಆಮೇಲಿನ ಮೂರು ಭಾನುವಾರವೂ ಬರಲಿಲ್ಲ.

ನಿನ್ನೆ ಮೇಷ್ಟ್ರು ಶೇಷಗಿರಿಯವರ ಮನೆಗೆ ಹೋಗಿ ಬಂದಿದ್ದರು. ಇವತ್ತು ಲಲಿತಾಂಬ ಒಳಗೆ ಕಾಲಿಟ್ಟ ಕೂಡಲೇ ಮೇಷ್ಟ್ರು ಹೇಳಿದ್ದು ಒಂದೇ ಮಾತು: ಶೇಷಗಿರಿಯವರ ಬಳಿ ಕ್ಷಮೆ ಕೇಳಬೇಕು. ಲಲಿತಾಂಬ ನಿಂತುಕೊಂಡೇ ಆ ಪ್ರಶ್ನೆ ಕೇಳಿದ್ದು ಅದಕ್ಕೆ.

“ಅವರ ಮನೆಗೆ ನೀವು ಹೋಗಿದ್ದೀರಾ?” ಎಂದು ಮೇಷ್ಟ್ರು ಕೇಳಿದರು.

“ಇಲ್ಲ. ಮನೆ ಎಲ್ಲಿದೆ ಎಂದೇ ಗೊತ್ತಿಲ್ಲ. ಒಂದು ವರ್ಷದಲ್ಲಿ ಅವರು ಹೇಳಲಿಲ್ಲ.”

“ನೀವು ಕೇಳಿದ್ದಿರಾ?”

“ಕೇಳುವ ಕಾರಣ ಬರಲಿಲ್ಲ.”

ಮೇಷ್ಟ್ರು ಸೂಜಿಯನ್ನು ಬಟ್ಟೆಯ ಮೇಲಿಟ್ಟರು. “ಕೂತುಕೊಳ್ಳಿ, ಅಮ್ಮ,” ಎಂದರು. ಲಲಿತಾಂಬ ಸೆರಗು ಸರಿಮಾಡಿಕೊಂಡು ಕೂತರು. ಮೇಷ್ಟ್ರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅವನ ಅಜ್ಜ ಚಿತ್ರಪಟಗಳ ಚೌಕಟ್ಟಿಗೆ ಬೆಳ್ಳಿಯ ರೇಕು ಅಂಟಿಸುತ್ತಿದ್ದ. ಅಪ್ಪ ಮೋಟಾರು ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ. ಇವನು ನಮ್ಮ ಹಾಗೆ ಪುಟ್ಟ ವಿಮಾನಗಳಿಗೆ ಬೆಳ್ಳಿ ಹಾಯಿಸುತ್ತಿದ್ದ. ಮೂರು ತಲೆಮಾರಿಗೂ ಪರೀಕ್ಷೆ ಒಂದೇ. ಕೆಲಸ ಮುಗಿದು ಒಣಗಿದ ಮೇಲೆ, ಬೆರಳಿಗೆ ರೇಷ್ಮೆಯ ತುಂಡು ಸುತ್ತಿ, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಬೆರಳು ಎಲ್ಲೂ ನಿಲ್ಲಬಾರದು. ನಿಂತರೆ ಆ ಕೆಲಸ ಮನೆಯ ಹೊಸಿಲು ದಾಟುವಂತಿಲ್ಲ. ಅಜ್ಜನ ಕಾಲದಿಂದಲೂ ಬೆರಳು ನಿಂತ ಕೆಲಸ ಯಾವುದೂ ಆ ಮನೆಯಿಂದ ಹೊರಗೆ ಹೋಗಿರಲಿಲ್ಲ. ಊರು ಅದನ್ನು ಬಲ್ಲದು. ಬಣ್ಣಗಾರನಿಗೆ ಅದರ ಮೇಲೆ ಬಹಳ ಹೆಮ್ಮೆ.

ಯುಗಾದಿ ಕಳೆದ ಮೇಲೆ ಅವನ ಬಳಿಗೆ ಒಬ್ಬ ಮುದುಕ ಬಂದ. ಮೂವತ್ತು ವರ್ಷ ವಿಮಾನಗಳ ರಿಪೇರಿ ಮಾಡಿದ ಮೆಕ್ಯಾನಿಕ್. ಕೈಯಲ್ಲಿ ಒಂದು ಹಳೆಯ ಫೋಟೋ ಇತ್ತು.

“ಈ ರೆಕ್ಕೆಯ ಮೇಲೆ ಅಂಗೈಯಗಲದ ತೇಪೆ ಇದೆ, ನೋಡಿ ಸ್ವಾಮಿ,” ಎಂದ. “ನಾನು ಹಾಕಿದ್ದು. ತಗಡು ಹೊಸದು, ಅದಕ್ಕೆ ಬಣ್ಣ ಒಂದು ಚೂರು ಬೇರೆ. ಪೈಲಟ್ ಸಾಹೇಬರು ಪ್ರತಿ ಸಲ ಇದನ್ನು ಮುಟ್ಟಿಯೇ ಹತ್ತುತ್ತಿದ್ದರು. ಪ್ರತಿ ಸಲವೂ ಇಳಿದು ಬಂದರು. ಈಗ ಆ ವಿಮಾನ ಇಲ್ಲ, ಒಡೆದು ಗುಜರಿಗೆ ಹಾಕಿದರು. ನನಗೆ ಒಂದು ಪುಟ್ಟದು ಮಾಡಿಕೊಡಿ. ಮಿಕ್ಕದ್ದು ಹೇಗಾದರೂ ಇರಲಿ, ತೇಪೆ ಇರಬೇಕು.”

“ನಮ್ಮ ಮನೆಯಲ್ಲಿ ಹೇಗಾದರೂ ಎನ್ನುವುದಿಲ್ಲ,” ಎಂದ ಬಣ್ಣಗಾರ.

“ಬೇಗ ಆಗಬೇಕು. ನನ್ನ ಕಣ್ಣು ಮಂಜಾಗುತ್ತಿದೆ. ದೀಪಾವಳಿಯ ತನಕ ಎಂದಿದ್ದಾರೆ ಡಾಕ್ಟರು. ಅಷ್ಟರಲ್ಲಿ ಒಂದು ಸಲ ನೋಡಿಬಿಡಬೇಕು.”

ಬಣ್ಣಗಾರ ಒಪ್ಪಿದ. ವಿಮಾನ ಜೋಡಿಸಿದ. ಕಪ್ಪು ಹಾಯಿಸಿದ. ಕಪ್ಪಿನ ಮೇಲೆ ಒಂದು ಧೂಳಿನ ಕಣ ಕೂತಿತು. ಎಲ್ಲವನ್ನೂ ತಿಕ್ಕಿ ತೆಗೆದು ಮತ್ತೆ ಹಾಯಿಸಿದ. ಮುದುಕ ಬಂದು ಕೇಳಿ ಹೋದ. ಎರಡನೆಯ ಕಪ್ಪಿನಲ್ಲಿ ರೆಕ್ಕೆಯ ಅಂಚಿಗೆ ಹೊಳಪು ಸಾಲಲಿಲ್ಲ. ಅದನ್ನೂ ತೆಗೆದ. ಮುದುಕ ಮತ್ತೆ ಬಂದು ಹೋದ. ಮೂರನೆಯ ಸಲ ಬಂದಾಗ ಬೆಳ್ಳಿಯೂ ಆಗಿತ್ತು. ತೇಪೆ ಒಂದು ಉಳಿದಿತ್ತು, ಅದು ಕೊನೆಗೆ ಹಾಕುವಂಥದು. ಮುದುಕ ವಿಮಾನವನ್ನು ಮೂಗಿನ ಬಳಿ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿದ.

“ಕಾಣುತ್ತಿದೆ ಸ್ವಾಮಿ, ಇನ್ನೂ ಕಾಣುತ್ತಿದೆ! ತೇಪೆ ಇವತ್ತೇ ಹಾಕಿಕೊಡಿ. ಇಲ್ಲೇ ಕಟ್ಟೆಯ ಮೇಲೆ ಕೂತಿರುತ್ತೇನೆ.”

ಬಣ್ಣಗಾರ ವಿಮಾನವನ್ನು ಮಗುಚಿದ. ಬಾಲದ ಅಡಿಯಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಇತ್ತು.

“ಇದನ್ನು ಕೊಡಲಾಗದು. ಪೂರ್ತಿ ತೆಗೆದು ಮತ್ತೆ ಮಾಡುತ್ತೇನೆ.”

“ನನಗೆ ಇಷ್ಟು ಸಾಕು.”

“ನಿಮಗೆ ಸಾಕು. ನಮ್ಮ ಮನೆಗೆ ಸಾಲದು,” ಎಂದ ಬಣ್ಣಗಾರ.

ಮುದುಕ ವಿಮಾನದ ಕಡೆ ಇನ್ನೊಂದು ಸಲ ನೋಡಿದ. ಆಮೇಲೆ ಹೊರಟುಹೋದ.

“ಅವನು ಹೇಳಿದ್ದು ಸರಿಯೇ,” ಎಂದು ಲಲಿತಾಂಬ ನಡುವೆ ಬಾಯಿಹಾಕಿದರು. “ಚುಕ್ಕೆ ಇದ್ದ ಕೆಲಸ ಕೊಡಬಾರದು.”

“ಹೌದು,” ಎಂದು ಮೇಷ್ಟ್ರು ಮುಂದುವರಿಸಿದರು.

ದೀಪಾವಳಿ ಆದ ನಾಲ್ಕನೆಯ ದಿನ ವಿಮಾನ ಮುಗಿಯಿತು. ಆ ಮನೆಯಲ್ಲಿ ಅಂಥ ಕೆಲಸ ಹಿಂದೆ ಆಗಿರಲಿಲ್ಲ. ತೇಪೆಯ ಬೆಳ್ಳಿ ಸುತ್ತಲಿನ ಬೆಳ್ಳಿಗಿಂತ ಒಂದು ಚೂರು ಗಾಢ, ಫೋಟೋದಲ್ಲಿ ಇದ್ದ ಹಾಗೆಯೇ. ಬಣ್ಣಗಾರ ರೇಷ್ಮೆ ಸುತ್ತಿ ಬೆರಳು ಎಳೆದ. ಬೆರಳು ಎಲ್ಲೂ ನಿಲ್ಲಲಿಲ್ಲ. ಮುದುಕನಿಗೆ ಹೇಳಿ ಕಳಿಸಿದ.

ಮುದುಕ ಸೊಸೆಯ ಕೈ ಹಿಡಿದುಕೊಂಡು ಬಂದ. ಹೊಸಿಲನ್ನು ಕಾಲಿನಿಂದ ತಡವಿ ದಾಟಿದ. ಬಣ್ಣಗಾರ ಅದನ್ನು ನೋಡಿದ. ವಿಮಾನವನ್ನು ಮುದುಕನ ಅಂಗೈಯಲ್ಲಿಟ್ಟ.

ಮುದುಕ ರೆಕ್ಕೆಯ ಬುಡದಲ್ಲಿ ಬೆರಳಿಟ್ಟ. ತುದಿಯ ತನಕ ಎಳೆದ. ಹಿಂದಕ್ಕೆ ತಂದ. ಮತ್ತೆ ಎಳೆದ.

“ತೇಪೆ ಎಲ್ಲಿ ಸ್ವಾಮಿ?”

“ಅಲ್ಲೇ ಇದೆ. ನಿಮ್ಮ ಬೆರಳ ಕೆಳಗೇ.”

“ಬೆರಳಿಗೆ ಸಿಗುತ್ತಿಲ್ಲವಲ್ಲ.”

“ಅಷ್ಟು ನುಣುಪಾಗಿದೆ,” ಎಂದ ಬಣ್ಣಗಾರ. ಮೂರು ತಲೆಮಾರು ದೊಡ್ಡ ದನಿಯಲ್ಲಿ ಹೇಳಿಕೊಂಡು ಬಂದ ಮಾತು ಅದು. ಅವತ್ತು ಅವನ ಬಾಯಿಂದ ಬಹಳ ಸಣ್ಣಗೆ ಬಂತು.

ಮುದುಕನಿಗೆ ಅವನ ದನಿಯಲ್ಲೇ ವಿಷಯ ತಿಳಿಯಿತು. “ಇರಲಿ ಬಿಡಿ,” ಎಂದು ಬಣ್ಣಗಾರನನ್ನೇ ಸಮಾಧಾನ ಮಾಡಿದ. “ಕಣ್ಣಿದ್ದವರಿಗೆ ಚೆನ್ನಾಗಿ ಕಾಣುತ್ತಿರುತ್ತದೆ. ನನ್ನ ಸೊಸೆ ನೋಡಿ ಹೇಳುತ್ತಾಳೆ.”

ಸೊಸೆ ಮುಖ ಆಚೆ ತಿರುಗಿಸಿಕೊಂಡಳು.

“ಒಂದೆರಡು ದಿನ ಕೊಡಿ,” ಎಂದ ಬಣ್ಣಗಾರ. ವಿಮಾನವನ್ನು ಮುದುಕನ ಕೈಯಿಂದ ತಿರುಗಿ ತೆಗೆದುಕೊಂಡ.

ಅವರು ಹೋದ ಮೇಲೆ ತೇಪೆಯ ಸುತ್ತ ಟೇಪು ಅಂಟಿಸಿದ. ಏರ್‌ಬ್ರಷ್ಷನ್ನು ಹತ್ತಿರಕ್ಕೆ ತಂದು, ಹೊಸದಾಗಿ ಕಲಿಯುವವರು ಬಿಡುವ ಹಾಗೆ, ಬಣ್ಣವನ್ನು ದಪ್ಪವಾಗಿ ಬಿಟ್ಟ.

“ಬಣ್ಣ ಹರಿದುಹೋಗುವುದಿಲ್ಲವೇ?” ಎಂದರು ಲಲಿತಾಂಬ. ಕೇಳಬೇಕೆಂದು ಕೇಳಿದ್ದಲ್ಲ, ಕೇಳಿಹೋಯಿತು.

ಹರಿಯಿತು. ಒರೆಸಿ ತೆಗೆದು ಮತ್ತೆ ಹಾಯಿಸಿದ. ಎರಡನೆಯ ಸಲ ಕೈ ತಾನಾಗಿಯೇ ಹಗುರವಾಯಿತು. ಟೇಪು ಕಿತ್ತರೆ ಅಂಚು ಎಂದಿನಂತೆ ನುಣುಪು. ಮೂರು ತಲೆಮಾರಿನ ಕೈ, ಅದಕ್ಕೆ ತಪ್ಪು ಮಾಡಿ ಅಭ್ಯಾಸವಿಲ್ಲ. ಬಣ್ಣಗಾರ ತನ್ನ ಕೈಯನ್ನು ತಾನೇ ಬೈದುಕೊಂಡ. ಮೂರನೆಯ ಸಲ, ಒಂದು ಪದರ ಒಣಗುವ ತನಕ ಕಾದು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹಾಯಿಸಿದ. ಟೇಪು ಕಿತ್ತ. ತೇಪೆಯ ನಾಲ್ಕೂ ಕಡೆ ಏಣು ನಿಂತಿತ್ತು. ಆಮೇಲೆ ಫೋಟೋ ನೋಡಿಕೊಂಡು, ಸೂಜಿಯ ಮೊನೆಯಿಂದ ಬಣ್ಣದ ಹನಿ ಇಟ್ಟು, ತೇಪೆಯ ತಗಡು ಬಿಗಿದ ರಿವೆಟ್ಟುಗಳನ್ನು ಒಂದೊಂದಾಗಿ ಉಬ್ಬಿಸಿದ.

ಕೊನೆಗೆ ಬೆರಳಿಗೆ ರೇಷ್ಮೆ ಸುತ್ತಿಕೊಂಡ. ಕಣ್ಣು ಮುಚ್ಚಿದ. ಎಳೆದ. ಬೆರಳು ನಿಂತಿತು.

ಅಜ್ಜನ ಕಾಲದಿಂದ ಆ ಮನೆಯಲ್ಲಿ ಬೆರಳು ನಿಂತ ಕೆಲಸ ಹೊಸಿಲು ದಾಟಿರಲಿಲ್ಲ. ಬಣ್ಣಗಾರ ಅದನ್ನು ಎದೆಗೆ ಅವುಚಿಕೊಂಡು ಹೊಸಿಲು ದಾಟಿದ. ಹೇಳಿ ಕಳಿಸಲಿಲ್ಲ, ತಾನೇ ಮುದುಕನ ಮನೆ ಹುಡುಕಿಕೊಂಡು ಹೋದ.

ಮುದುಕ ರೆಕ್ಕೆಯ ಬುಡದಿಂದ ಬೆರಳು ಎಳೆದ. ಬೆರಳು ನಿಂತಿತು. ನಿಂತ ಕಡೆಯಿಂದ ಅದು ಮೆಲ್ಲಗೆ ತೇಪೆಯನ್ನು ಸುತ್ತಿತು. ಒಂದು ಮೂಲೆ, ಎರಡು, ಮೂರು, ನಾಲ್ಕು. ಮುದುಕ ರಿವೆಟ್ಟುಗಳನ್ನು ಎಣಿಸಿದ.

“ಹನ್ನೊಂದು,” ಎಂದ.

“ಫೋಟೋದಲ್ಲಿ ಹನ್ನೊಂದೇ ಇತ್ತು. ಹೆಚ್ಚು ಇರಬೇಕಿತ್ತೆ?”

“ಹನ್ನೆರಡು ಇರಬೇಕಿತ್ತು. ಅವತ್ತು ಅವಸರದಲ್ಲಿ ಒಂದು ಬಿಟ್ಟುಬಿಟ್ಟೆ. ಸಾಹೇಬರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.” ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ನೀವು ಹಿಡಿದುಬಿಟ್ಟಿರಿ.”

ಅವನ ಬೆರಳು ಹನ್ನೆರಡನೆಯ ರಿವೆಟ್ಟು ಇಲ್ಲದ ಜಾಗದಲ್ಲಿ ಬಹಳ ಹೊತ್ತು ಇತ್ತು.

ಬಣ್ಣಗಾರ ಎದ್ದು ನಿಂತ. “ನಿಮಗೆ ಕಣ್ಣಿದ್ದಾಗ ಕೊಡಬಹುದಿತ್ತು. ಬಾಲದ ಕೆಳಗಿನ ಚುಕ್ಕೆಗಾಗಿ ಕೊಡಲಿಲ್ಲ. ಕ್ಷಮಿಸಿ,” ಎಂದ. ಆ ಮಾತು ಆಡಿ ಆ ಮನೆಯವರಿಗೆ ಅಭ್ಯಾಸವಿರಲಿಲ್ಲ. ಅದು ಎರಡು ತುಂಡಾಗಿ ಬಂತು. ಆದರೂ ಆಡಿದ.

“ಕೂತುಕೊಳ್ಳಿ ಸ್ವಾಮಿ,” ಎಂದ ಮುದುಕ. “ಕಾಫಿ ಕುಡಿದು ಹೋಗಿ.”

ಮೇಷ್ಟ್ರು ಕತೆ ಮುಗಿಸಿದರು. ಸೂಜಿಯನ್ನು ಎತ್ತಿ ಏರ್‌ಬ್ರಷ್ಷಿನ ಒಳಗೆ ತೂರಿಸಿದರು.

ಲಲಿತಾಂಬ ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು. ವಾಟರ್ ಪೇಪರಿನಿಂದ ತುದಿಯ ಚರ್ಮ ಒರಟಾಗಿತ್ತು. ಶೇಷಗಿರಿಯವರ ಬೆರಳು ಕಿಟಕಿಯಿಂದ ಕಿಟಕಿಗೆ ಹೋಗಿ, ಮೊದಲಿಗೆ ಬಂದು, ಮತ್ತೆ ಹೋದದ್ದು ನೆನಪಾಯಿತು. ಅದು ಸವಿಯುತ್ತಿರಲಿಲ್ಲ, ಹುಡುಕುತ್ತಿತ್ತು.

“ಶೇಷಗಿರಿಯವರಿಗೆ ಕಣ್ಣು ಚೆನ್ನಾಗಿದೆಯಲ್ಲ, ಮೇಷ್ಟ್ರೇ,” ಎಂದರು. ಅವರ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಮೇಷ್ಟ್ರು ಮಾಸ್ಕಿಂಗ್ ಟೇಪಿನ ಒಂದು ತುಂಡು ಹರಿದು, ಅದರ ಮೇಲೆ ಶೇಷಗಿರಿಯವರ ಮನೆಯ ವಿಳಾಸ ಬರೆದರು. ಮೇಜಿನ ಅಂಚಿಗೆ, ಲಲಿತಾಂಬ ಅವರ ಮುಂದೆ ಅಂಟಿಸಿದರು.

“ಅವರ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿದ್ದ ಕಾಲದಲ್ಲಿ ಆಕೆ ವಿಮಾನ ಹತ್ತಿದ್ದು ಒಂದೇ ಸಲ, ಕೂತದ್ದು ಐದನೆಯ ಕಿಟಕಿಯ ಪಕ್ಕ.”

ಲಲಿತಾಂಬ ಟೇಪಿನ ಮೇಲಿನ ವಿಳಾಸವನ್ನು ಓದಿದರು.

“ಹೋಗಿ, ಕ್ಷಮೆ ಕೇಳಿ.”